ಹೊಲಿಗೆ ಬಿಚ್ಚದ ಚೀಲ

ನಮ್ಮ ಅಬ್ಬಾ ಈಗ ಒಂದು ಸಂಶೋಧನಾ ಪ್ರಬಂಧದೊಳಗೆ ಸೇರಿಕೊಂಡುಬಿಟ್ಟಿದ್ದಾರೆ. ಅದರಲ್ಲಿ ಅವರು ಅಬ್ದುಲ್ ಖಾದರ್ ಅಲ್ಲ, ‘ವರ್ತಕ ಹದಿನಾಲ್ಕು’. ಭಾಗವಹಿಸಿದವರ ಹೆಸರುಗಳನ್ನು ಗೋಪ್ಯವಾಗಿಟ್ಟಿದ್ದೇವೆ ಅಂತ ಶುರುವಿನಲ್ಲೇ ಬರೆದುಕೊಂಡಿದ್ದಾರೆ. ಬಹಳ ಸಂತೋಷ. ಹೊಸದುರ್ಗದಲ್ಲಿ ಉಂಡೆ ಕೊಬ್ಬರಿ ಮಂಡಿ ಇಟ್ಟಿರುವ, ಅರವತ್ತು ದಾಟಿದ, ತಲೆಮಾರುಗಳಿಂದ ಅದೇ ವ್ಯಾಪಾರದಲ್ಲಿರುವ ಮುಸ್ಲಿಂ ಮನೆತನದ ವರ್ತಕ ಅಂತ ಅಷ್ಟೂ ಬರೆದ ಮೇಲೆ, ಹೆಸರೊಂದನ್ನು ಮುಚ್ಚಿಟ್ಟು ಯಾರ ಕಣ್ಣಿಗೆ ಮಣ್ಣೆರಚುತ್ತಾರೋ ನಾ ಕಾಣೆ. ಅಂಥವರು ನಮ್ಮೂರಿಗೆಲ್ಲ ಒಬ್ಬರೇ.

ನಾನು ಹುಮೇರಾ, ಅವರ ಮಗಳು. ಬಿ.ಕಾಂ. ಮುಗಿಸಿ ಮಂಡಿಯಲ್ಲೇ ಕೂತವಳು. ಬಿಲ್ಲು, ಜಿಎಸ್‌ಟಿ, ಲಾರಿಯವರ ಜೊತೆ ಜಗಳ ನನ್ನ ಪಾಲಿಗೆ. ಮಾಲು ಮುಟ್ಟುವುದು, ದರ ಹೇಳುವುದು ಅಬ್ಬಾನ ಪಾಲಿಗೆ. ಆ ಇಂಗ್ಲಿಷ್ ಪ್ರಬಂಧವನ್ನು ಮೊಬೈಲಿನಲ್ಲಿ ಅರ್ಥ ಹುಡುಕಿಕೊಂಡು ಪೂರ್ತಿ ಓದಿದವಳು ಇಡೀ ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು. ಓದಿದಾಗ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ಉಂಡೆ ಕೊಬ್ಬರಿ ಅವಸರದ ವ್ಯಾಪಾರ ಅಲ್ಲ. ಕಾಯನ್ನು ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಅದರ ಕಡೆ ತಿರುಗಿ ನೋಡಬಾರದು. ಒಳಗಿನ ನೀರು ಇಂಗಿ, ಕೊಬ್ಬರಿ ತಾನಾಗಿ ಚಿಪ್ಪು ಬಿಟ್ಟುಕೊಂಡ ಮೇಲೆ ಸುಲಿದು, ಒಡೆದು, ಇಡೀ ಉಂಡೆ ತೆಗೆದು, ಚೀಲಕ್ಕೆ ತುಂಬಿ ಬಾಯಿ ಹೊಲಿದು ಮಂಡಿಗೆ ತರುತ್ತಾರೆ. ಕೆಲವು ಉಂಡೆಗಳು ಹೊರಗೆ ಚೆಂದ ಇದ್ದು ಒಳಗೆ ಕೌಟು ಹಿಡಿದಿರುತ್ತವೆ. ಅಂದರೆ ಎಣ್ಣೆ ಕೆಟ್ಟು ನಾತ ಬಂದಿರುತ್ತದೆ. ಅಂಥವು ಸೇರಿಕೊಂಡರೆ ದೆಹಲಿ ಮುಟ್ಟುವ ಹೊತ್ತಿಗೆ ಪಕ್ಕದ ಮಾಲೂ ನಾರುತ್ತದೆ. ಆದ್ದರಿಂದ ಯಾವ ವರ್ತಕನಾದರೂ ಚೀಲದ ಹೊಲಿಗೆ ಬಿಚ್ಚಿ, ನೆಲಕ್ಕೆ ಸುರಿದು, ನೋಡಿಯೇ ದರ ಹೇಳುವುದು.

ಆದರೆ ನಮ್ಮಲ್ಲಿ ‘ಮನೆ ಮಾಲು’ ಅಂತ ಒಂದಿದೆ. ಬಹಳ ವರ್ಷದಿಂದ ಕೊಡುವವರ ಚೀಲವನ್ನು ಅವರೆದುರಿಗೆ ಬಿಚ್ಚುವುದಿಲ್ಲ. ಅಬ್ಬಾ ಚೀಲದ ಮೇಲೆ ಕೈ ಆಡಿಸಿ ದರ ಹೇಳುತ್ತಾರೆ, ಅವರು ಹೂಂ ಅನ್ನುತ್ತಾರೆ, ಟೀ ಬರುತ್ತದೆ, ಮುಗಿಯಿತು. ಬಿಚ್ಚಿದರೆ ಅವಮಾನ. ‘ಖಾದರ್ ಸಾಬ್ರು ಅವರ ಚೀಲದ ಹೊಲಿಗೆ ಬಿಚ್ಚಿಸಿದ್ರಂತೆ’ ಅನ್ನುವ ಮಾತು ಒಂದು ಸಲ ಹೊರಗೆ ಬಿದ್ದರೆ ಆ ಮನೆಗೆ ಹೆಣ್ಣು ಕೊಡುವವರೂ ಯೋಚನೆ ಮಾಡುತ್ತಾರೆ. ಇಲ್ಲಿಂದ ಮುಂದಕ್ಕೂ ಹಾಗೇ. ಎ.ಕೆ. ಅಂತ ನಮ್ಮ ಮಾರ್ಕು ಬಿದ್ದ ಚೀಲವನ್ನು ದೆಹಲಿಯ ಸೇಠ್ ಬಿಚ್ಚದೆ ಮುಂದಕ್ಕೆ ಮಾರುತ್ತಿದ್ದ. ಆ ಮಾರ್ಕೇ ನಮ್ಮ ಆಸ್ತಿ. ಮಂಡಿಯ ಕಟ್ಟಡ ಕೂಡ ಬಾಡಿಗೆಯದು.

ಮನೆ ಮಾಲಿನವರಲ್ಲಿ ಮೊದಲನೆಯವರು ಶ್ರೀರಾಂಪುರದ ಕಡೆಯ ಮರುಳಸಿದ್ದಪ್ಪ. ನಾನು ಅವರನ್ನು ದೊಡ್ಡಪ್ಪ ಅನ್ನುತ್ತೇನೆ. ತೋಟ, ಟ್ರ್ಯಾಕ್ಟರು, ಬತ್ತದ ಬೋರು ಎಲ್ಲ ಇರುವ ಮನುಷ್ಯ. ಹಣೆ ತುಂಬ ವಿಭೂತಿ, ಬಾಯಿ ತುಂಬ ಬೈಗುಳ. ಅಬ್ಬಾನ ಮದುವೆಗೂ ಮೊದಲಿನ ಸ್ನೇಹ. ಮಂಡಿಗೆ ಬಂದರೆ ಹೇಳದೆ ಕೇಳದೆ ಅಬ್ಬಾನ ಗಾದಿಯ ಮೇಲೇ ಕೂರುತ್ತಿದ್ದರು. “ಲೇ ಖಾದ್ರ, ಆ ಕಡೆ ಸರಿ. ಮಂಡಿ ನಿಂದಾದ್ರೂ ಕೊಬ್ಬರಿ ನಂದು” ಅನ್ನುವರು. “ಕೊಬ್ಬರಿ ನಿಂದಾದ್ರೂ ಮೂಗು ನಂದು. ಅದಿಲ್ದಿದ್ರೆ ನಿನ್ ಕೊಬ್ಬರಿ ಹಂದೀನೂ ಮೂಸಲ್ಲ” ಅನ್ನುವರು ಅಬ್ಬಾ. ಇಬ್ಬರೂ ಮುದುಕರು ಹೀಗೆ ಕಿತ್ತಾಡುವುದನ್ನು ನೋಡಲು ಪಕ್ಕದ ಅಂಗಡಿಯವರೂ ಬಂದು ನಿಲ್ಲುತ್ತಿದ್ದರು.

ಹೋದ ವರ್ಷ ಮಾಲು ಬರಲು ಶುರುವಾದಾಗ ಚೈತ್ರಾ ಬಂದಳು. ಹಿರಿಯೂರಿನ ಹತ್ತಿರ ಬಬ್ಬೂರಿನ ಹುಡುಗಿ, ಅವರಪ್ಪ ಅಲ್ಲಿನ ಕೃಷಿ ಫಾರಂನಲ್ಲಿ ಕೆಲಸಕ್ಕಿದ್ದವರು. ಎಲ್ಲೋ ದೊಡ್ಡ ಯೂನಿವರ್ಸಿಟಿಯಲ್ಲಿ ಅರ್ಥಶಾಸ್ತ್ರದ ಪಿಎಚ್‌.ಡಿ. ಮಾಡುತ್ತಿದ್ದಳು. ಮಾತು ಬಹಳ ನಯ, ಅಮ್ಮಿ ಮಾಡಿದ ಟೀಯನ್ನು ಎರಡು ಸಲ ಕೇಳಿ ಕುಡಿದಳು. ಜೊತೆಗೆ ಕನಕರಾಜ್ ಅಂತ ಟ್ಯಾಬ್ ಹಿಡಿದುಕೊಂಡು ಪ್ರಶ್ನೆ ಕೇಳುವ ಸರ್ವೆ ಹುಡುಗ, ಹೊಳಲ್ಕೆರೆಯವನು. ಚಿತ್ರದುರ್ಗ ಜಿಲ್ಲೆಯ ವರ್ತಕರು ಮಾಲಿನ ಗುಣಮಟ್ಟವನ್ನು ಹೇಗೆ ಅಳೆಯುತ್ತಾರೆ ಅನ್ನುವುದು ಅವಳ ವಿಷಯ. ಈ ಸೀಸನ್ನಿನಲ್ಲಿ ಯಾವಾಗಲಾದರೂ ನಿಮ್ಮ ವ್ಯವಹಾರವನ್ನು ನಾವು ಗಮನಿಸಬಹುದು, ಒಪ್ಪಿಗೆಯಾ ಅಂತ ಕೇಳಿದಳು. “ನೋಡ್ಕಳಮ್ಮ, ನೋಡಿದ್ರೆ ಏನು ಸವೆದುಹೋಗ್ತದಾ?” ಅಂತ ಅಬ್ಬಾ ಸಹಿ ಹಾಕಿದರು.

ಇಲ್ಲಿಂದ ಅವಳು ಎಲ್ಲಿಗೆ ಹೋದಳು ಅನ್ನುವುದು ನಮಗೆ ಆಗ ಗೊತ್ತಾಗಲಿಲ್ಲ. ಎಲ್ಲ ಮುಗಿದ ಮೇಲೆ ದೊಡ್ಡಪ್ಪನೇ ನನಗೆ ಹೇಳಿದ್ದು. ನೇರ ಶ್ರೀರಾಂಪುರದ ಕಡೆಗೆ ಹೋಗಿ ಅವರ ಜಗಲಿಯಲ್ಲಿ ಕೂತಳಂತೆ. ಹಳೆಯ ನಂಟಿರುವ ವರ್ತಕರು ಕೆಟ್ಟ ಮಾಲನ್ನು ಪತ್ತೆ ಮಾಡುತ್ತಾರೋ ಇಲ್ಲವೋ ಪರೀಕ್ಷೆ ಮಾಡಬೇಕು, ನಿಮ್ಮ ಲೋಡಿನ ಮೂರು ಚೀಲಕ್ಕೆ ಕೌಟು ಉಂಡೆ ಸೇರಿಸಿ ಕಳಿಸುತ್ತೀರಾ, ಅವರಿಗೆ ಆಗುವ ನಷ್ಟವನ್ನು ಸೀಸನ್ ಮುಗಿದ ಮೇಲೆ ನಾವು ತುಂಬಿಕೊಡುತ್ತೇವೆ, ಅಲ್ಲಿವರೆಗೆ ಮಾತ್ರ ಬಾಯಿ ಬಿಡಬಾರದು ಅಂದಳಂತೆ.

ದೊಡ್ಡಪ್ಪ ಬಿದ್ದು ಬಿದ್ದು ನಕ್ಕರಂತೆ. “ಯಾರನ್ನವ್ವ ಪರೀಕ್ಷೆ ಮಾಡೋದು? ನಮ್ ಖಾದ್ರನ್ನಾ? ಚೀಲ ಗಾಡಿಯಿಂದ ಇಳಿಸೋಕೆ ಮುಂಚೆ ಹಿಡೀತಾನೆ. ಬರ್ಕ ಬೇಕಾದ್ರೆ.” ಅವಳು ಕೊಡಲು ಬಂದ ದುಡ್ಡನ್ನೂ ಮುಟ್ಟಲಿಲ್ಲ. ಓಟದ ಎತ್ತು ಸಾಕಿದವನು ಪಂದ್ಯಕ್ಕೆ ಹೆಸರು ಕೊಡುವ ಹಾಗೆ ಅಬ್ಬಾನ ಹೆಸರು ಕೊಟ್ಟು ಕೂತರು ಆ ಮಹಾರಾಯರು. ಅಬ್ಬಾ ಹಿಡಿದು, ಎಲ್ಲರೆದುರಿಗೆ ಉಗಿದು, ಇಬ್ಬರೂ ನಕ್ಕು, ಆ ಹುಡುಗಿ ಪುಸ್ತಕದಲ್ಲಿ ಖಾದರ್ ಸಾಬರ ಮೂಗಿನ ಬಗ್ಗೆ ಬರೆಯುತ್ತಾಳೆ. ಇಷ್ಟು ಅವರ ತಲೆಯಲ್ಲಿದ್ದದ್ದು.

ಆ ಲೋಡು ಬಂದ ದಿನ ನಾನು ಮಂಡಿಯಲ್ಲೇ ಇದ್ದೆ. ದೊಡ್ಡಪ್ಪ ಅವತ್ತು ಗಾದಿಯ ಮೇಲೆ ಕೂರದೆ ಬಾಗಿಲಲ್ಲೇ ನಿಂತಿದ್ದರು, ಮೀಸೆಯೊಳಗೆ ನಗು. ಅಬ್ಬಾ ಎಂದಿನಂತೆ ಚೀಲಗಳ ಮೇಲೆ ಕೈ ಆಡಿಸುತ್ತಾ ಬಂದರು. ಒಂದು ಕಡೆ ಕೈ ನಿಂತಿತು. ಅಂಗೈಯನ್ನು ಮುಖ ಒರೆಸಿಕೊಳ್ಳುವವರಂತೆ ಮೂಗಿನ ಹತ್ತಿರ ತಂದುಕೊಂಡರು. ಆಮೇಲೆ ದೊಡ್ಡಪ್ಪನ ಮುಖವನ್ನೊಮ್ಮೆ ನೋಡಿದರು. ನೋಡಿ, ಅವತ್ತಿನ ಮೇಲ್ದರವನ್ನೇ ಹೇಳಿದರು.

ದೊಡ್ಡಪ್ಪನ ನಗು ಹಾಗೇ ನಿಂತು, ಮೆಲ್ಲಗೆ ಇಳಿಯಿತು. “ಅಷ್ಟೇನಾ?” ಅಂದರು. “ಕಮ್ಮಿ ಆತಾ?” ಅಂದರು ಅಬ್ಬಾ. “ಇಲ್ಲ ಬಿಡು” ಅಂತ ಹೇಳಿ ಅರ್ಧ ಟೀ ಬಿಟ್ಟು ಹೊರಟುಹೋದರು. ದರ ಸಾಲದೆ ಮುನಿಸಿಕೊಂಡರು ಅಂತ ನಾನು ತಿಳಿದೆ.

ಅವರ ಗಾಡಿ ತಿರುಗಿದ್ದೇ ತಡ, ಅಬ್ಬಾ ಗೋಡೌನಿನ ಬಾಗಿಲು ಅರ್ಧ ಎಳೆದುಕೊಂಡು ಆ ಮೂರು ಚೀಲ ಬಿಚ್ಚಿ ಆರಿಸಲು ಕೂತರು. ಕೌಟು ಉಂಡೆಗಳನ್ನು ಒಂದೊಂದೇ ಮೂಲೆಗೆ ಎಸೆಯುತ್ತಿದ್ದರು. ನನಗೆ ಮೈ ಉರಿದುಹೋಯಿತು. ಮನೆಯಲ್ಲಿ ನಾವು ಆಡುವುದು ಉರ್ದು. ಸಿಟ್ಟಿಗೆ ಆ ಭಾಷೆಯೇ ಚೆನ್ನ. “ಗೊತ್ತಿದ್ದೂ ಮೇಲ್ದರ ಕೊಟ್ಟಿರಾ? ನಿಮ್ಮ ಸ್ನೇಹಿತ ನಿಮಗೆ ಟೋಪಿ ಹಾಕಿ ಹೋದ” ಅಂದೆ.

“ಸಿದ್ದ ಟೋಪಿ ಹಾಕುವವನಲ್ಲ. ಮನೆಯಲ್ಲಿ ಏನೋ ಆಗಿದೆ. ಬಾಯಿ ಬಿಟ್ಟು ಕೇಳುವ ಪ್ರಾಣಿ ಅಲ್ಲ ಅದು. ಎಂಥ ಕಷ್ಟ ಬಂದಿದ್ದರೆ ಹೀಗೆ ಮಾಡಿರಬೇಕು ನೋಡು” ಅಂದರು ಅಬ್ಬಾ. “ಯಾರ ಹತ್ತಿರವೂ ಆಡಬೇಡ. ಅವನ ಮಾನ ಹೋದರೆ ನಾವಿದ್ದೂ ಏನು ಬಂತು?”

ಕೌಟು ಎಲ್ಲ ಎಣ್ಣೆ ಮಿಲ್ಲಿಗೆ ಹೋಯಿತು. ಮಾರನೆಯ ವಾರ ಅಬ್ಬಾ ಅಮ್ಮಿಯನ್ನು, ಅಂದರೆ ನನ್ನ ತಾಯಿ ನಸೀಬಾಳನ್ನು, ದೊಡ್ಡಪ್ಪನ ಮನೆಗೆ ಕಳಿಸಿದರು. ದೊಡ್ಡಪ್ಪನ ಹೆಂಡತಿ ಚಂದ್ರಕ್ಕನನ್ನು ನೋಡಿ ಬಹಳ ದಿನ ಆಯಿತು ಅನ್ನುವ ನೆಪ. ಅಮ್ಮಿ ಸಂಜೆ ಬಸ್ಸಿಗೆ ವಾಪಸು ಬಂದು, “ಏನೂ ಆಗಿಲ್ಲ. ಹೊಸ ಸೋಫಾ ಬಂದಿದೆ, ಚಂದ್ರಕ್ಕ ದಪ್ಪಗಾಗಿದ್ದಾಳೆ” ಅಂತ ವರದಿ ಕೊಟ್ಟರು. ಅಬ್ಬಾ ನಂಬಲಿಲ್ಲ. “ಸೋಫಾ ತಂದು ತೋರಿಸುವುದು ಅಂದರೆ ಒಳಗೆ ಏನೋ ಇದೆ ಅಂತಲೇ” ಅಂದರು. ಮನಸ್ಸಿಗೆ ಒಂದು ಸಲ ಕೂತ ಮೇಲೆ ಯಾವ ಸಾಕ್ಷಿಯಾದರೂ ಆ ಕಡೆಗೇ ವಾಲುತ್ತದೆ, ಅದಕ್ಕೆ ಪಿಎಚ್‌.ಡಿ. ಬೇಕಾಗಿಲ್ಲ.

ಅತ್ತ ದೊಡ್ಡಪ್ಪನ ಮನಸ್ಸಿಗೆ ಕೂತದ್ದೇ ಬೇರೆ. ಕೊರೋನಾ ಬಂದ ವರ್ಷ ಅಬ್ಬಾ ಆಸ್ಪತ್ರೆ ಸೇರಿ, ತಿಂಗಳುಗಟ್ಟಲೆ ಯಾವ ವಾಸನೆಯೂ ತಿಳಿಯದೆ ಒದ್ದಾಡಿದ್ದರು. ಆಮೇಲೆ ಎಲ್ಲ ಸರಿಹೋಯಿತು. ಸರಿಹೋಗಿಲ್ಲ ಅಂತ ದೊಡ್ಡಪ್ಪ ಈಗ ತೀರ್ಮಾನ ಮಾಡಿದರು. ‘ಮೂಗು ತಿರುಗಿ ಬಂದೇ ಇಲ್ಲ. ವ್ಯಾಪಾರ ಹೋಗ್ತದೆ ಅಂತ ಮುಚ್ಚಿಟ್ಕಂಡು ಕೈ ಆಡಿಸೋ ನಾಟಕ ಮಾಡ್ತಾ ಅವನೆ ಪಾಪ’ ಅಂತ ಅವರಿಗೆ ರಾತ್ರಿ ನಿದ್ದೆ ಬರಲಿಲ್ಲವಂತೆ. ಚೈತ್ರಾಗೆ ಕೊಟ್ಟ ಮಾತಿದೆ, ಅಬ್ಬಾನನ್ನು ಕೇಳುವ ಹಾಗಿಲ್ಲ. ಕೇಳಿದರೂ ಸ್ನೇಹಿತನ ಮಾನದ ಪ್ರಶ್ನೆ. ಹಾಗಾದರೆ ಏನು ಮಾಡುವುದು? ನಮಗೆ ಮಾಲು ಕೊಡುವ ಸುತ್ತಲಿನ ಬೆಳೆಗಾರರ ಮನೆಗೆ ಹೋಗಿ ಗುಟ್ಟಾಗಿ ಹೇಳಿಬಂದರು.

“ನೋಡ್ರಪ್ಪ, ಖಾದರ್ ಸಾಬ್ರಿಗೆ ಮೂಗು ಹೋಗೈತೆ. ನಂದ್ರಾಗೇ ಕೌಟು ಇತ್ತು, ಅವ್ರಿಗೆ ಗೊತ್ತಾಗ್ಲಿಲ್ಲ. ನೀವೇ ಆರಿಸಿ ಒಳ್ಳೇದು ಕಳಿಸ್ರಿ. ವಯಸ್ಸಾದ ಮನುಷ್ಯ, ಮೋಸ ಮಾಡಬ್ಯಾಡ್ರಿ.”

ಎಲ್ಲ ಮುಗಿದ ಮೇಲೆ ಇದನ್ನು ಕೇಳಿದಾಗ ನಾನು ತಲೆ ತಲೆ ಚಚ್ಚಿಕೊಂಡೆ. ಅಂಗಡಿಗೆ ಬೀಗ ಇಲ್ಲ, ಯಾರೂ ಕದಿಯಬೇಡಿ ಅಂತ ಊರಿಗೆಲ್ಲ ಸಾರಿಬಂದರೆ ಏನಾಗಬೇಕೋ ಅದೇ ಆಯಿತು. ಮೊದಲು ಬಂದದ್ದು ನಾಗಣ್ಣ, ಅವರೂ ಮನೆ ಮಾಲಿನವರೇ. ಅಬ್ಬಾ ಚೀಲದ ಮೇಲೆ ಕೈ ಇಟ್ಟರು, ಎತ್ತಿದರು, ಆಳಿಗೆ ಬಿಚ್ಚು ಅಂದರು. ಸುರಿದರೆ ಕಾಲು ಭಾಗ ಕೌಟು.

“ನಮ್ ಚೀಲ ಬಿಚ್ಚಿಸ್ತೀರಾ ಸಾಬ್ರೇ?” ಅಂತ ನಾಗಣ್ಣ ಬಾಗಿಲಿಗೆ ಕೇಳುವಂತೆ ದನಿ ಎತ್ತಿದರು. “ಮರುಳಸಿದ್ದಪ್ಪಾರು ಕೌಟು ತಂದ್ರೆ ಮುಚ್ಕಂಡು ತಗಂತೀರಿ, ನಾವ್ ತಂದ್ರೆ ಬಿಚ್ಚಿಸ್ತೀರಿ. ಅವ್ರದ್ದೇನು ಘಮ್ ಅಂತೈತಾ?”

ಮಂಡಿಯಲ್ಲಿ ಬೇರೆ ಊರಿನ ಜನವೂ ಇದ್ದರು. ಆಗ ಅಬ್ಬಾ ಒಂದು ಮಾತು ಹೇಳಿದ್ದರೆ ಸಾಕಿತ್ತು: ಅದೂ ನನಗೆ ಗೊತ್ತಾಗಿತ್ತು ಅಂತ. ಹಾಗೆ ಹೇಳಿದರೆ ಮರುಳಸಿದ್ದಪ್ಪ ಬೇಕಂತಲೇ ಕೌಟು ಮಾರಿದರು ಅಂತ ಒಪ್ಪಿಕೊಂಡ ಹಾಗೆ. ಅಬ್ಬಾ ನನ್ನ ಕಡೆ ನೋಡಿದರು. ಸುಮ್ಮನಿರು ಅಂತ ಕಣ್ಣಲ್ಲೇ ಹೇಳಿದರು. “ಸಿದ್ದಪ್ಪರದು ಒಳ್ಳೆ ಮಾಲಿತ್ತು ನಾಗಣ್ಣ. ನಿಮ್ದೂ ತಗಂತೀನಿ, ತುಂಬಿಸ್ರಿ” ಅಂದುಬಿಟ್ಟರು.

ಆಮೇಲೆ ನಮ್ಮ ಮಂಡಿಗೆ ಜಾತ್ರೆಯಷ್ಟು ಜನ. ಅಟ್ಟದ ಮೂಲೆಯಲ್ಲಿ ವರ್ಷಗಳಿಂದ ಕೊಳೆಯುತ್ತಿದ್ದದ್ದೆಲ್ಲ ನಮ್ಮಲ್ಲಿಗೆ ಬಂತು. ಬಿಚ್ಚಿಸಿದರೆ ಮರುಳಸಿದ್ದಪ್ಪನ ಹೆಸರು ಎತ್ತುವರು. ಅಬ್ಬಾ ಬಿಚ್ಚಿಸದೆ ತೆಗೆದುಕೊಳ್ಳುವರು. ಬಾಗಿಲು ಹಾಕಿದ ಮೇಲೆ ನಾನು, ಅಮ್ಮಿ, ಅಬ್ಬಾ ಮೂವರೂ ಕೂತು ಆರಿಸುವುದು. ಬೆರಳಿನ ಸಂದಿಯ ನಾತ ಸೋಪು ಹಾಕಿದರೂ ಹೋಗುತ್ತಿರಲಿಲ್ಲ, ಊಟ ಸೇರುತ್ತಿರಲಿಲ್ಲ. ಅಮ್ಮಿ ಒಂದು ದಿನ ಕೈಯಲ್ಲಿದ್ದ ಉಂಡೆಯನ್ನು ಗೋಡೆಗೆ ಬೀಸಿ ಒಗೆದು ಅತ್ತರು. ಅಬ್ಬಾ ಅದನ್ನು ಎತ್ತಿಕೊಂಡು ಬಂದು, ಮೂಸಿ, “ಇದು ಚೆನ್ನಾಗಿದೆ” ಅಂತ ಒಳ್ಳೆಯ ರಾಶಿಗೆ ಹಾಕಿದರು.

ಎಷ್ಟು ಆರಿಸಿದರೂ ಮೂವರ ಕೈ ಮೂವರದೇ. ಒಂದು ಲೋಡಿನಲ್ಲಿ ಕೌಟು ನುಸುಳಿ ದೆಹಲಿ ಸೇರಿತು. ಸೇಠ್‌ನ ಪರವಾಗಿ ಇಲ್ಲಿ ಖರೀದಿ ನೋಡಿಕೊಳ್ಳುವ ಏಜೆಂಟ್ ತಿಪ್ಪಯ್ಯ ಫೋನ್ ಮಾಡಿ, “ಎ.ಕೆ. ಮಾರ್ಕಿನ ಚೀಲ ನಾರ್ತಾ ಐತಂತಲ್ರೀ, ಏನಿದು?” ಅಂದ. ಒಂದು ಸಲ ತಪ್ಪಾಯಿತು ಅಂತ ಅಬ್ಬಾ ಬೇಡಿಕೊಂಡರು. ಇನ್ನೊಂದು ಸಲ ಹೀಗಾದರೆ ಮಾರ್ಕು ಮುಗಿದ ಹಾಗೆ ಅಂತ ನಮಗೆಲ್ಲ ಗೊತ್ತಿತ್ತು. ಅಬ್ಬಾ ಮಾತ್ರ ದೊಡ್ಡಪ್ಪ ತಾನಾಗಿ ಬಂದು ಕಷ್ಟ ಹೇಳಿಕೊಳ್ಳುತ್ತಾರೆ ಅಂತ ಕಾಯುತ್ತಿದ್ದರು. ದೊಡ್ಡಪ್ಪ ಮಂಡಿಯ ಕಡೆ ಬರುವುದನ್ನೇ ಕಡಿಮೆ ಮಾಡಿದರು. ಸ್ನೇಹಿತನ ನಾಟಕ ನೋಡಲು ಅವರಿಗೆ ಆಗುತ್ತಿರಲಿಲ್ಲವಂತೆ. ಬರದೇ ಇದ್ದದ್ದು ನಾಚಿಕೆಗೆ ಅಂತ ಅಬ್ಬಾ ಇನ್ನಷ್ಟು ಮರುಗಿದರು.

ಸೀಸನ್ ಮುಗಿಯಿತು. ಚಿತ್ರದುರ್ಗದ ಒಂದು ಹೋಟೆಲಿನ ಹಾಲಿನಲ್ಲಿ ಚೈತ್ರಾ ಸಭೆ ಕರೆದಳು. ವರ್ತಕರು, ಬೆಳೆಗಾರರು, ಖರೀದಿ ಏಜೆಂಟರು ಎಲ್ಲರಿಗೂ ಆಹ್ವಾನ, ಮಧ್ಯಾಹ್ನ ಊಟ. ನಾನೂ ಅಬ್ಬಾನ ಜೊತೆ ಹೋದೆ. ಮುಂದಿನ ಸಾಲಿನಲ್ಲಿ ತಿಪ್ಪಯ್ಯ ಕೂತಿದ್ದ. ದೊಡ್ಡಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಎರಡು ಕುರ್ಚಿ ಆಚೆ ಕೂತಿದ್ದರು. ಅಬ್ಬಾನನ್ನು ನೋಡಿ ನಕ್ಕರು, ಆದರೆ ಕಾಯಿಲೆಯವರನ್ನು ನೋಡಿ ನಗುವ ನಗು.

ಚೈತ್ರಾ ಪರದೆಯ ಮೇಲೆ ಚಿತ್ರಗಳನ್ನು ಹಾಕಿ ವಿವರಿಸಿದಳು. ಕೆಲವು ಚೀಲಗಳಲ್ಲಿ ಬೆಳೆಗಾರರ ಒಪ್ಪಿಗೆ ಪಡೆದು ಕೆಟ್ಟ ಕೊಬ್ಬರಿ ಬೆರೆಸಿ ಕಳಿಸಿದ್ದೆವು ಅಂದಳು. ಅಬ್ಬಾ ಕುರ್ಚಿಯಲ್ಲಿ ಸ್ವಲ್ಪ ಮುಂದಕ್ಕೆ ಬಂದರು. ಹೊಸ ಪರಿಚಯದವರ ಮಾಲಾದರೆ ವರ್ತಕರು ಬಿಚ್ಚಿ ನೋಡಿ ದರ ಇಳಿಸಿದ್ದಾರೆ, ಹಳೆಯ ನಂಟಿನವರ ಮಾಲಾದರೆ ಪತ್ತೆಯನ್ನೇ ಮಾಡಿಲ್ಲ ಅಂದಳು. “ನಂಟು ಹಳೆಯದಾದಷ್ಟೂ ಎಚ್ಚರ ಕಡಿಮೆಯಾಗುತ್ತೆ. ಉದಾಹರಣೆಗೆ ಹೊಸದುರ್ಗದ ವರ್ತಕ ಹದಿನಾಲ್ಕು. ಇವರು ಅತ್ಯಂತ ಅನುಭವಿ. ಆದರೂ ಬೆರೆಸಿದ ಮೂರೂ ಚೀಲಕ್ಕೆ ಅವತ್ತಿನ ಅತಿ ಹೆಚ್ಚಿನ ದರ ಕೊಟ್ಟಿದ್ದಾರೆ.”

ಹಾಲಿನ ತುಂಬ ಕುರ್ಚಿಗಳು ಕಿರ್ ಅಂದವು. ಎಲ್ಲರ ಮುಖ ನಮ್ಮ ಕಡೆ. ತಿಪ್ಪಯ್ಯನೂ ತಿರುಗಿ ನೋಡಿದ. ಯಾರೋ ಹಿಂದಿನಿಂದ “ಮೂಗು ಹೋಗೈತಂತೆ” ಅಂತ ನಕ್ಕದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ದೊಡ್ಡಪ್ಪ ತಡೆಯಲಾರದೆ ಎದ್ದರು. “ಅದಕ್ಯಾಕೆ ನಗ್ತೀರಪ್ಪ? ಕೊರೋನಾದಾಗೆ ಮೂಗು ಹೋತು, ಅದು ಅವನ ತಪ್ಪಾ? ವಯಸ್ಸಾದ್ರೆ ನಿಮಗೂ ಆಗೋದೇ. ಮೊದ್ಲಿನ ಖಾದ್ರ ಆಗಿದ್ರೆ ಆ ಚೀಲ ಗಾಡೀಲಿ ಇದ್ದಂಗೇ ಹಿಡೀತಿದ್ದ. ಹಿಡೀತಾನೆ ಅಂತಲೇ ನಾನು ಬೆರೆಸಿ ಕಳಿಸಿದ್ದು!”

ಅಬ್ಬಾ ಎದ್ದು ನಿಂತರು.

“ನೀನು ಪರೀಕ್ಷೆಗೆ ಅಂತ ಬೆರೆಸಿದ್ದಾ ಸಿದ್ದ?”

“ಹೂಂ ಮತ್ತೆ. ನೀನು ಗೆಲ್ತೀಯ ಅಂತ.”

“ನನಗೆ ಗೊತ್ತಾಗಿತ್ತು. ಮೂರೂ ಚೀಲ ಗೊತ್ತಾಗಿತ್ತು. ಮಗಳು ನೋಡಿದಾಳೆ, ಕೇಳು.”

ನಾನು ತಲೆ ಆಡಿಸಿದೆ. ಚೈತ್ರಾ ಪರದೆಯನ್ನೂ ಅಬ್ಬಾನನ್ನೂ ನೋಡಿ, “ಸರ್, ಇದು ನಮ್ಮ ಡೇಟಾದಲ್ಲಿ ಇಲ್ಲವಲ್ಲ” ಅಂದಳು. ಅವಳ ಮಾತು ಆ ಇಬ್ಬರ ಕಿವಿಗೂ ಬೀಳಲಿಲ್ಲ.

“ಗೊತ್ತಾಗಿಯೂ ಸುಮ್ನಿದ್ದೆ ಅಂದ್ರೆ,” ದೊಡ್ಡಪ್ಪ ಒಂದೊಂದೇ ಮಾತು ಹುಡುಕುವವರಂತೆ ಹೇಳಿದರು, “ನಾನು ಬೇಕಂತಲೇ ಕೌಟು ಮಾರಿದೆ ಅಂದ್ಕಂಡೆಯಾ?”

“ಕಷ್ಟದಾಗಿದ್ದೀಯ ಅಂದ್ಕಂಡೆ.”

“ಕಷ್ಟ ಬಂದ್ರೆ ನಿನ್ ಗಾದಿ ಮೇಲೆ ಕುಂತು ಕೇಳ್ತಿದ್ದೆ ಕಣಲೇ! ಚೀಲಕ್ಕೆ ಕೌಟು ತುಂಬಿ ಕಳಿಸ್ತಿದ್ನಾ? ಇಷ್ಟು ವರ್ಷದಾಗೆ ನನ್ನ ಇಷ್ಟೇ ಕಂಡಿದ್ದಾ ನೀನು? ಅವತ್ತಿಂದ ಇವತ್ತಿನ ಮಟ ನನ್ನ ಕಳ್ಳ ಅಂತ ತಿಳ್ಕಂಡೇ ಫೋನಾಗೆ ಆರಾಮಾ ಅಂತ ಕೇಳ್ತಿದ್ಯಾ?”

“ಕಳ್ಳ ಅಂದಿಲ್ಲ ನಾನು.”

“ಕಳ್ಳನ್ನ ಕ್ಷಮಿಸಿದೆ. ಅದೇ ತಾನೆ?”

ಅಬ್ಬಾ ಒಂದು ಹೆಜ್ಜೆ ಮುಂದೆ ಬಂದರು. “ನೀನು ಏನ್ ಮಾಡಿದೆ?” ಅಂದರು. “ನನಗೆ ಮೂಗಿಲ್ಲ ಅಂತ ಊರಿಗೆ ಹೇಳಿದೋನು ನೀನಾ? ನಿನ್ನ ಮಾನ ಉಳಿಸೋಕೆ ಅಂತ ನಾನು ಕಂಡೋರ ಕೌಟೆಲ್ಲ ಮೈಮೇಲೆ ಹಾಕ್ಕಂಡೆ. ನನ್ ಹೆಂಡ್ತಿ ಮಗಳು ಕೂತು ಆರಿಸಿದ್ರು. ಒಂದು ಮಾತು ನನ್ನ ಕೇಳಬಾರದಿತ್ತಾ?”

“ನೀನು ಕೇಳಿದ್ಯಾ?” ಅಂದರು ದೊಡ್ಡಪ್ಪ.

ದೊಡ್ಡಪ್ಪ ಟವೆಲ್ಲು ಹೆಗಲಿಗೆ ಹಾಕಿಕೊಂಡು ಊಟ ಮಾಡದೆ ಹೊರಟುಹೋದರು. ನಾನು ಹಿಂದೆಯೇ ಓಡಿ ಮೆಟ್ಟಿಲ ಹತ್ತಿರ ಹಿಡಿದೆ. ಆಗಲೇ ಅವರು ಅಳುತ್ತಾ ಜಗಲಿಯ ಕಥೆಯನ್ನೆಲ್ಲ ಹೇಳಿದ್ದು. ಒಳಗೆ ಬಂದರೆ ತಿಪ್ಪಯ್ಯ ಅಬ್ಬಾನ ಪಕ್ಕದಲ್ಲಿ ಕೂತಿದ್ದ. “ಗೊತ್ತಿದ್ದೂ ಕೆಟ್ಟ ಮಾಲು ತಗಂಡ್ರಿ ಅಂದ್ರೆ ಅದು ಇನ್ನೂ ಕಷ್ಟ ಸಾಬ್ರೇ. ಮೂಗಿಲ್ಲ ಅಂದಿದ್ರೆ ಸೇಠ್‌ಗೆ ಹೆಂಗೋ ಹೇಳ್ತಿದ್ದೆ. ಇನ್ ಮುಂದೆ ನಿಮ್ ಚೀಲಾನೂ ಎಲ್ಲಾರಂಗೇ ಬಿಚ್ಚಿ ನೋಡ್ತೀವಿ” ಅಂದ. ಅಲ್ಲಿಗೆ ನಮ್ಮ ಮಾರ್ಕಿನ ಕಥೆ ಮುಗಿಯಿತು.

ಚೈತ್ರಾ ಎರಡು ದಿನ ಬಿಟ್ಟು ಮನೆಗೆ ಬಂದಳು. ಕಣ್ಣು ಊದಿತ್ತು, ನಿದ್ದೆ ಮಾಡಿರಲಿಲ್ಲ. ಕೆಟ್ಟವಳಲ್ಲ ಆ ಹುಡುಗಿ. ಕೆಟ್ಟವಳಾಗಿದ್ದರೆ ನನ್ನ ಸಿಟ್ಟಿಗೆ ಒಂದು ದಾರಿಯಾದರೂ ಇರುತ್ತಿತ್ತು. ಮೂರು ಚೀಲದ ನಷ್ಟದ ಚೆಕ್ಕು ತಂದಿದ್ದಳು. ಮಿಕ್ಕವರು ತಂದು ಸುರಿದ ಕೌಟು ಅಧ್ಯಯನದ ವ್ಯಾಪ್ತಿಗೆ ಬರುವುದಿಲ್ಲವಂತೆ, ಮೇಲಿನವರನ್ನು ಕೇಳಿ ನೋಡಿದಳಂತೆ. ಅಬ್ಬಾ ಚೆಕ್ಕು ಮುಟ್ಟಲಿಲ್ಲ, ಬೈಯಲೂ ಇಲ್ಲ. “ನೀನು ಬರಿ ಚೀಲಕ್ಕೆ ಬೆರೆಸಿದ್ದಮ್ಮ. ಮಿಕ್ಕಿದ್ದೆಲ್ಲ ನಾವೇ ಬೆರೆಸ್ಕಂಡ್ವಿ” ಅಂದರು.

ಪ್ರಬಂಧ ಬಂದಾಗ ನಾನು ಆ ಸಭೆಯನ್ನು ಹುಡುಕಿದೆ. ಕೊನೆಯಲ್ಲಿ ಒಂದು ಅಡಿಟಿಪ್ಪಣಿ ಇತ್ತು. ದೋಷವನ್ನು ಗುರುತಿಸಿದ್ದಾಗಿ ಒಬ್ಬ ವರ್ತಕರು ನಂತರ ಹೇಳಿದ್ದಾರೆ, ಅದನ್ನು ದೃಢಪಡಿಸಿಕೊಳ್ಳಲು ಸಾಧ್ಯವಾಗಲಿಲ್ಲ ಅಂತ.

ಈ ಸಲ ಮಾಲಿನ ಕಾಲ ಬಂದಾಗ ದೊಡ್ಡಪ್ಪ ಬರುವುದಿಲ್ಲ ಅಂದುಕೊಂಡಿದ್ದೆ. ಬಂದರು. ಲೋಡು ಬಾಗಿಲಿಗೆ ನಿಲ್ಲಿಸಿ ಇಳಿದರು. ಬಹಳ ಇಳಿದುಹೋಗಿದ್ದರು. ಬೈದಾಡಲಿ ಯಾ ಅಲ್ಲಾ, ಒಂದು ಸಲ ಬೈದಾಡಿಬಿಡಲಿ ಅಂತ ಬೇಡಿಕೊಂಡೆ. ಅಬ್ಬಾ ಗಾದಿಯಿಂದ ಎದ್ದರು.

“ಬರ್ರಿ, ಕುಂತ್ಕಳ್ರಿ” ಅಂದರು. ದೊಡ್ಡಪ್ಪನಿಗೆ ಆ ಮಂಡಿಯಲ್ಲಿ ಯಾರಾದರೂ ಕೂರಲು ಹೇಳಬೇಕಾಗಿ ಬಂದದ್ದು ಅದೇ ಮೊದಲು. ದೊಡ್ಡಪ್ಪ ಗಿರಾಕಿಗಳ ಬೆಂಚಿನ ತುದಿಯಲ್ಲಿ ಕೂತರು. ಚೀಲಗಳು ಒಳಗೆ ಬಂದ ಮೇಲೆ, “ಚಾಕು ಐತೇನವ್ವ?” ಅಂತ ನನ್ನನ್ನು ಕೇಳಿದರು. ಕೊಟ್ಟೆ. ತಾವೇ ಎದ್ದು ಮೊದಲ ಚೀಲದ ಹೊಲಿಗೆ ಕೊಯ್ದು ನೆಲಕ್ಕೆ ಸುರಿದರು. ಬೇಡ ಅನ್ನುತ್ತಾರೆ ಅಂತ ನಾನು ಅಬ್ಬಾನ ಮುಖ ನೋಡಿದೆ. ಅಬ್ಬಾ ಬೇಡ ಅನ್ನಲಿಲ್ಲ. ಚಕ್ಕಳ ಮಕ್ಕಳ ಹಾಕಿ ಕೂತು ಒಂದೊಂದು ಉಂಡೆಯನ್ನೂ ತಿರುಗಿಸಿ, ಮೂಸಿ, ಪಕ್ಕಕ್ಕೆ ಇಟ್ಟರು. ಆಮೇಲೆ ಎರಡನೆಯ ಚೀಲ. ಆಮೇಲೆ ಮೂರನೆಯದು. ಇಡೀ ಲೋಡಿನಲ್ಲಿ ಒಂದೂ ಕೆಟ್ಟದ್ದಿರಲಿಲ್ಲ. ಮೇಲ್ದರ ಹೇಳಿದರು. ದೊಡ್ಡಪ್ಪ ಹೂಂ ಅಂದರು.

ಅದೇ ಹೊತ್ತಿಗೆ ಕನಕರಾಜ್ ಟ್ಯಾಬ್ ಹಿಡಿದುಕೊಂಡು ಬಂದಿದ್ದ. ಅಧ್ಯಯನ ಶುರುವಾಗಿ ವರ್ಷ ಆದ ಮೇಲೆ ಎಲ್ಲ ಭಾಗಿಗಳನ್ನೂ ಇನ್ನೊಂದು ಸಲ ಕೇಳಬೇಕಂತೆ. ಅವನಿಗೂ ಎಲ್ಲ ಗೊತ್ತು, ತಲೆ ಎತ್ತದೆ ಓದಿದ. “ಸಾಬ್ರೇ, ಈ ಮಾರಾಟಗಾರರ ಜೊತೆ ನಿಮ್ಮ ವ್ಯವಹಾರ ಎಷ್ಟು ವರ್ಷದ್ದು?”

ಅಬ್ಬಾ ಕೈಗೆ ಹತ್ತಿದ ಎಣ್ಣೆಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತಾ ಹೇಳಿದರು. “ಈ ವರ್ಷದ್ದು.”

“ಹಂಗಂದ್ರೆ... ಸರಿಯಾಗಿ ಹೇಳ್ರಿ ಸಾಬ್ರೇ.”

“ಸರಿಯಾಗೇ ಹೇಳ್ದೆ. ಇವತ್ತು ಮಾಲು ಬಿಚ್ಚಿ ನೋಡಿದೆ. ಚೆನ್ನಾಗೈತೆ. ಮುಂದೂ ತಂದ್ರೆ ತಗಂತೀನಿ.”

ಕನಕರಾಜ್ ಏನು ಮಾಡಬೇಕೋ ತಿಳಿಯದೆ ದೊಡ್ಡಪ್ಪನ ಕಡೆ ತಿರುಗಿದ. ಅವರಿಗೂ ಅದೇ ಪ್ರಶ್ನೆ ಇತ್ತು. ದೊಡ್ಡಪ್ಪ ಬಗ್ಗಿ, ನೆಲದ ಮೇಲೆ ಹರಡಿದ್ದ ತಮ್ಮ ಕೊಬ್ಬರಿಯ ಒಂದು ಉಂಡೆಯನ್ನು ಎತ್ತಿ ಚೀಲಕ್ಕೆ ಹಾಕಿದರು. “ಅವ್ರು ಹೇಳಿದ್ದನ್ನೇ ಬರ್ಕಳಪ್ಪ” ಅಂದರು. “ಖಾದರ್ ಸಾಬ್ರು ಸುಳ್ಳು ಹೇಳಲ್ಲ.”

ಹುಡುಗ ಇಬ್ಬರ ಹೆಸರಿನ ಮುಂದೆಯೂ ವರ್ಷದ ಜಾಗದಲ್ಲಿ ಸೊನ್ನೆ ಒತ್ತಿದ.